ಎಪ್ಪತ್ತರ ನಡುಕ

ಆ ಬೈಕು ನಾಲ್ಕನೇ ಸಲ ವರ್ಕ್‌ಶಾಪಿನ ಬಾಗಿಲಿಗೆ ಬಂದು ನಿಂತಾಗ ಅವಳು ತಲೆಯೆತ್ತಿ ನೋಡಲಿಲ್ಲ. ಸದ್ದಿನಲ್ಲೇ ಗೊತ್ತಾಗಿತ್ತು. ಕಪ್ಪು ಟ್ಯಾಂಕು, ಉದ್ದನೆಯ ಫ್ರೇಮು, ದಪ್ಪನೆಯ ಹಿಂದಿನ ಚಕ್ರ. ಇಡೀ ಊರಲ್ಲಿ ಅಂಥದ್ದು ಅದೊಂದೇ. ಫ್ರೇಮಿನ ಪೈಪುಗಳನ್ನು ಒಂದೊಂದಾಗಿ ಕತ್ತರಿಸಿ ವೆಲ್ಡಿಂಗ್ ಮಾಡಿದವರು ಅವಳ ಅಪ್ಪ. ಎರಡೂ ಚಕ್ರಗಳಿಗೆ ಸ್ಪೋಕ್ ಹಾಕಿ ಕಟ್ಟಿದವಳು ಅವಳು.

"ಏನಂತೆ ಇವತ್ತು?" ಎಂದಳು, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆ.

"ಅದೇ. ಎಪ್ಪತ್ತು ದಾಟಿದ್ರೆ ಹ್ಯಾಂಡಲ್ ನಡುಗುತ್ತೆ. ಎಂಬತ್ತೈದಕ್ಕೆ ನಡುಕ ನಿಲ್ಲುತ್ತೆ. ಸ್ಪೀಡ್ ಇಳಿಸ್ತಾ ಬಂದ್ರೆ ಎಪ್ಪತ್ತರ ಹತ್ರ ಮತ್ತೆ ಶುರು."

ಅವನು ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟ. ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವುದು ಅವನ ಕೆಲಸ. ‘ನಾನು ಡಾಕ್ಟರಲ್ಲ, ಬರೀ ಟೆಸ್ಟ್ ಮಾಡೋನು’ ಎಂದು ಎಷ್ಟು ಸಲ ಹೇಳಿದರೂ ಅಪ್ಪ ಅವನನ್ನು ‘ಕಿವಿ ಸಾಹೇಬ್ರು’ ಎಂದೇ ಕರೆಯುತ್ತಿದ್ದರು. ಮಾತಾಡುವಾಗ ಅವನು ಎದುರಿಗಿದ್ದವರ ಮುಖವನ್ನೇ ನೋಡುತ್ತಿದ್ದ. ಕಿವಿ ಮಂದವಾದವರ ಜೊತೆ ಮಾತಾಡಿ ಮಾತಾಡಿ ಬಂದ ಅಭ್ಯಾಸವಿರಬೇಕು. ಅವಳಿಗೆ ಅದು ಕಿರಿಕಿರಿ. ಯಾರಾದರೂ ಹಾಗೆ ನೋಡುತ್ತಿದ್ದರೆ ನಟ್ಟು ಯಾವುದು ಬೋಲ್ಟು ಯಾವುದು ಎನ್ನುವುದೇ ಮರೆತುಹೋಗುತ್ತದೆ.

ಮೊದಲ ಸಲ ಟೈರಿನ ಗಾಳಿ ನೋಡಿ, ಚಕ್ರಗಳನ್ನು ಬ್ಯಾಲೆನ್ಸ್ ಮಾಡಿ ಕಳಿಸಿದ್ದಳು. ಎರಡನೇ ಸಲ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್ ಬಿಗಿ ಮಾಡಿದ್ದಳು. ಮೂರನೇ ಸಲ ಎರಡೂ ಚಕ್ರ ಬಿಚ್ಚಿ, ಸ್ಟ್ಯಾಂಡಿಗೆ ಹಾಕಿ ಸುತ್ತಿಸಿದ್ದಳು. ಕೂದಲೆಳೆಯಷ್ಟೂ ಓಲಾಟವಿರಲಿಲ್ಲ. ತಾನೇ ಓಡಿಸಿ ನೋಡಿದಾಗಲೂ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ.

"ಬೈಕಿಗೆ ಏನೂ ಆಗಿಲ್ಲ ಕಣೆ, ಆಗಿರೋದು ಅವನಿಗೆ," ಎಂದು ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಅಕ್ಕ ಹಿಂದಿನ ದಿನವಷ್ಟೇ ಕಣ್ಣು ಮಿಟುಕಿಸಿದ್ದಳು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು.

"ನೋಡಿ," ಎಂದಳು ಅವಳು. "ನಿಮಗೆ ಇಲ್ಲಿಗೆ ಬರೋಕೆ ಒಂದು ನೆಪ ಬೇಕಾಗಿದ್ರೆ ನೇರವಾಗಿ ಹೇಳಿಬಿಡಿ. ಸುಮ್ನೆ ನನ್ನ ಕೆಲಸಕ್ಕೆ ಕೆಟ್ಟ ಹೆಸರು ತರ್ಬೇಡಿ."

ಅವನ ಕಿವಿಯ ತುದಿ ಕೆಂಪಾಯಿತು. ಆದರೆ ದನಿ ಏರಲಿಲ್ಲ.

"ನಿಮ್ಮನ್ನ ನೋಡೋಕೆ ಬರೋದಾದ್ರೆ ಬೈಕ್ ಯಾಕೆ ತರ್ಲಿ? ಎರಡು ನಿಮಿಷದ ದಾರಿ. ನಡ್ಕೊಂಡೇ ಬರ್ತಿದ್ದೆ."

ಒಳಗೆ ಅಪ್ಪ ಕೆಮ್ಮಿದ್ದು ನಗು ತಡೆಯಲಿಕ್ಕೆ ಎಂದು ಅವಳಿಗೆ ಗೊತ್ತಾಯಿತು.

"ಎಪ್ಪತ್ತರಲ್ಲಿ ಕ್ಲಚ್ ಹಿಡಿದು ನೋಡಿದ್ರಾ?" ಎಂದು ಕೇಳಿದಳು.

"ನೋಡ್ದೆ. ಇಂಜಿನ್ ಸದ್ದು ಇಳೀತು, ನಡುಕ ಇಳೀಲಿಲ್ಲ."

ಅಂದರೆ ತೊಂದರೆ ಇಂಜಿನ್ನಿನದಲ್ಲ. ಚಕ್ರದ್ದು, ಇಲ್ಲವೇ ಫ್ರೇಮಿನದು. ಅವಳು ಕೈ ಒರೆಸಿಕೊಂಡು ಹೆಲ್ಮೆಟ್ ಹಾಕಿಕೊಂಡಳು. "ನಾನು ಓಡಿಸ್ತೀನಿ. ನೀವು ಹಿಂದೆ ಕೂತ್ಕೊಳ್ಳಿ. ನಾನೊಬ್ಬಳೇ ಹೋದಾಗ ಭಾರ ಸಾಲಲಿಲ್ಲವೋ ಏನೋ."

ಊರ ಹೊರಗಿನ ನೇರ ರಸ್ತೆಗೆ ಬಂದಾಗ ಅವಳು ವೇಗ ಹೆಚ್ಚಿಸಿದಳು. ಅರವತ್ತು. ಅರವತ್ತೈದು. ಎಪ್ಪತ್ತೆರಡಕ್ಕೆ ಹ್ಯಾಂಡಲ್ ಜೀವ ಬಂದಂತೆ ಅತ್ತಿತ್ತ ಹೊಡೆದುಕೊಳ್ಳತೊಡಗಿತು. ಅವಳು ಬ್ರೇಕ್ ಮುಟ್ಟದೆ, ಮೆಲ್ಲಗೆ ವೇಗ ಇಳಿಸಿ ರಸ್ತೆ ಬದಿಗೆ ತಂದಳು. ಅವನು ಹಿಂದಿನ ಕಂಬಿಯನ್ನು ಹಿಡಿದಿದ್ದ, ಅವಳನ್ನು ಮುಟ್ಟಿರಲಿಲ್ಲ.

"ಸಾರಿ," ಎಂದಳು ಹೆಲ್ಮೆಟ್ ತೆಗೆದು.

"ಯಾವುದಕ್ಕೆ?"

"ಆಗ ಅಂದಿದ್ದಕ್ಕೆ."

"ಪರವಾಗಿಲ್ಲ," ಎಂದ ಅವನು. ಆಮೇಲೆ, ತುಂಬ ಗಂಭೀರವಾಗಿ, "ನೀವು ಹಾಗೆ ಅಂದ್ಕೊಳ್ಳೋದಕ್ಕೆ ನಂದೇನೂ ಅಭ್ಯಂತರ ಇಲ್ಲ," ಎಂದ. ಅವಳು ನೋಡುವಷ್ಟರಲ್ಲಿ ದೂರದ ಮರವೊಂದನ್ನು ಪರೀಕ್ಷಿಸುವವನಂತೆ ಮುಖ ತಿರುಗಿಸಿದ್ದ.

*

ಮರುದಿನ ಬೆಳಿಗ್ಗೆ ಅವಳು ದಾರ ಹಿಡಿದಳು. ಹಿಂದಿನ ಟೈರಿಗೆ ದಾರ ಸುತ್ತಿ, ಅದರ ಎರಡು ತುದಿಗಳನ್ನು ಮುಂದಿನ ಟೈರಿನ ಎರಡೂ ಪಕ್ಕಕ್ಕೆ ಬಿಗಿಯಾಗಿ ಎಳೆದು ಕಟ್ಟಿದಳು. ದಾರಕ್ಕೂ ಮುಂದಿನ ಟೈರಿಗೂ ನಡುವಿನ ಸಂದು ಎರಡೂ ಕಡೆ ಒಂದೇ ಸಮ ಇರಬೇಕು. ಇರಲಿಲ್ಲ. ಲೆಕ್ಕ ಹಾಕಿದರೆ ಹಿಂದಿನ ಚಕ್ರ ಆರು ಮಿಲ್ಲಿಮೀಟರ್ ಎಡಕ್ಕಿತ್ತು.

ಚಕ್ರ ನೇರವಾಗಿ ಸುತ್ತುತ್ತದೆ ಎಂದು ಅವಳು ಆಗಲೇ ನೋಡಿಯಾಗಿತ್ತು. ಹಾಗಾದರೆ ಉಳಿದಿದ್ದು ಫ್ರೇಮು. ಅಪ್ಪನ ಕೆಲಸ. ಅಪ್ಪನಿಗೆ ಅರವತ್ತೆಂಟು. ಕನ್ನಡಕದ ನಂಬರು ಎರಡು ಸಲ ಬದಲಾಗಿತ್ತು, ಕಿವಿಯೂ ಮಂದವಾಗಿತ್ತು.

ಊಟದ ಹೊತ್ತಿನಲ್ಲಿ ಹೇಳಿದಳು. "ಅಪ್ಪಾ, ಫ್ರೇಮ್ ಸ್ವಲ್ಪ ಸೊಟ್ಟ ಆಗಿದೆ. ಆರು ಮಿಲ್ಲಿ."

ಅಪ್ಪ ಅಗಿಯುವುದನ್ನು ನಿಲ್ಲಿಸಿದರು. "ನಾನು ಮೂರು ಸಲ ಅಳೆದಿದ್ದೆ."

"ವಯಸ್ಸಾಯ್ತಲ್ಲಪ್ಪ. ಇನ್ಮೇಲೆ ಫ್ರೇಮ್ ಕೆಲಸ ಒಪ್ಕೊಳ್ಳೋದು ಬೇಡ. ಚಿಕ್ಕಪುಟ್ಟದ್ದು ನೋಡ್ಕೊಳ್ಳಿ ಸಾಕು."

ಅವರು ಜಗಳವಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಮಧ್ಯಾಹ್ನದಿಂದ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಹಳೆಯ ಬೋಲ್ಟುಗಳನ್ನು ಅಳತೆಗೆ ತಕ್ಕಂತೆ ಡಬ್ಬಿಗಳಿಗೆ ತುಂಬುತ್ತ ಕೂತರು.

ಸಂಜೆ ಅವನು ಬಂದಾಗ ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಫ್ರೇಮಿನ ಹಿಂಭಾಗ ಕತ್ತರಿಸಿ ಮತ್ತೆ ಕೂಡಿಸಬೇಕು.

ಅವನು ಮೂಲೆಯ ಕಡೆ ನೋಡಿದ. "ಕತ್ತರಿಸೋದು ಬೇಡ. ಅರವತ್ತರಲ್ಲೇ ಓಡಿಸ್ತೀನಿ. ನಂಗೇನು ಅವಸರ?" ದನಿ ತಗ್ಗಿಸಿ ಸೇರಿಸಿದ, "ಅವರು ಯಾವಾಗ್ಲೂ ಬಲಗಿವಿ ಮುಂದೆ ಮಾಡಿ ಕೇಳ್ತಾರೆ. ಒಂದ್ಸಲ ಕರ್ಕೊಂಡು ಬನ್ನಿ."

*

ಎರಡು ವಾರ ಕಾಡಿಸಿದ ಮೇಲೆ ಅಪ್ಪ ಒಪ್ಪಿದರು. ಪರೀಕ್ಷೆಯ ಕೋಣೆ ಚಿಕ್ಕದು, ಗೋಡೆಗೆಲ್ಲ ಸ್ಪಂಜು. ಗಾಜಿನ ಆಚೆ ಅಪ್ಪ ಹೆಡ್‌ಫೋನ್ ಹಾಕಿಕೊಂಡು, ಪರೀಕ್ಷೆಗೆ ಕೂತ ಶಾಲಾ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಸದ್ದು ಕೇಳಿದಾಗ ಬಟನ್ ಒತ್ತಬೇಕು. ಈಚೆ ಅವನು, ಅವನ ಪಕ್ಕದ ಕುರ್ಚಿಯಲ್ಲಿ ಅವಳು.

ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು, ಅವನದೂ ಕಾಣುತ್ತಿತ್ತು. ಎರಡು ಸಲ ಅವರ ಕಣ್ಣುಗಳು ಅಲ್ಲೇ ಸೇರಿದವು. ಎರಡನೇ ಸಲ ಅವಳು ತಪ್ಪಿಸಲಿಲ್ಲ. ಅವನೇ ಗಲಿಬಿಲಿಯಾಗಿ ಯಾವುದೋ ಗುಂಡಿಯನ್ನು ಎರಡು ಸಲ ಒತ್ತಿದ. ಆಚೆಯಿಂದ ಅಪ್ಪ, "ರೀ ಸಾಹೇಬ್ರೇ, ಇದೇನು ಕುಯ್ಯೋ ಅಂತಿದೆ!" ಎಂದು ಕೂಗಿದರು.

ಎಷ್ಟು ಕೇಳಿಸುತ್ತದೆಂದು ಗುರುತು ಹಾಕುವ ಹಾಳೆಯ ಮೇಲೆ ಎಡಗಿವಿಯ ಗೆರೆ ತೀರ ಕೆಳಗಿಳಿಯಿತು. ಅವನು ಎದ್ದು ಒಳಗೆ ಹೋಗಿ, ಅಪ್ಪನ ತಲೆಯ ಮೇಲಿನ ಹೆಡ್‌ಫೋನನ್ನು ಎಡಬಲ ಬದಲಾಯಿಸಿ ಹಾಕಿ ಬಂದ.

"ಅದ್ಯಾಕೆ?" ಎಂದಳು ಅವಳು.

"ಕೆಟ್ಟಿರೋದು ಕಿವಿಯೋ ನಮ್ಮ ಹೆಡ್‌ಫೋನೋ ಗೊತ್ತಾಗ್ಬೇಕಲ್ಲ. ತಿರುಗಿಸಿ ಹಾಕಿದಾಗ ತೊಂದರೆ ಬಲಕ್ಕೆ ಹೋದ್ರೆ ತಪ್ಪು ಹೆಡ್‌ಫೋನಿಂದು. ಎಡಕ್ಕೇ ಉಳಿದ್ರೆ ಕಿವಿದು. ಯಂತ್ರ ಸರಿಯಿದೆ ಅಂತ ಖಾತ್ರಿ ಮಾಡ್ಕೊಳ್ದೆ ಕಿವಿ ಮೇಲೆ ತಪ್ಪು ಹೊರಿಸ್ಬಾರ್ದು."

ತೊಂದರೆ ಎಡಕ್ಕೇ ಉಳಿಯಿತು. ನಲವತ್ತು ವರ್ಷ ಗ್ರೈಂಡರಿನ ಪಕ್ಕ ನಿಂತದ್ದರ ಫಲ, ಕಿವಿಗೆ ಚಿಕ್ಕ ಮಿಷನ್ ಹಾಕಿದರೆ ಸಾಕು ಎಂದು ಅವನು ಅಪ್ಪನಿಗೆ ವಿವರಿಸುತ್ತಿದ್ದ. ಅವಳಿಗೆ ಅದೊಂದೂ ಕೇಳಿಸುತ್ತಿರಲಿಲ್ಲ.

ಅವಳು ಬೈಕಿನ ಹಿಂದಿನ ಚಕ್ರವನ್ನು ಒಂದು ಸಲವೂ ಹೀಗೆ ಎಡಬಲ ತಿರುಗಿಸಿ ಹಾಕಿ ನೋಡಿರಲಿಲ್ಲ.

"ಬೈಕ್ ಎಲ್ಲಿ?" ಎಂದಳು ಥಟ್ಟನೆ.

"ಕೆಳಗೇ ಇದೆ."

"ಕೀ ಕೊಡಿ."

ಅರ್ಧ ಗಂಟೆಯಲ್ಲಿ ಹಿಂದಿನ ಚಕ್ರ ವರ್ಕ್‌ಶಾಪಿನ ಸ್ಟ್ಯಾಂಡಿನ ಮೇಲಿತ್ತು. ಸ್ಟ್ಯಾಂಡಿನ ಮುಳ್ಳನ್ನು ರಿಮ್ಮಿನ ಅಂಚಿಗೆ ತಾಗುವಂತೆ ಇಟ್ಟು ಸುತ್ತಿಸಿದಳು. ಒಂದೇ ಸಮನೆ ಸುತ್ತಿತು. ಆಮೇಲೆ ಚಕ್ರವನ್ನು ಎತ್ತಿ, ಎಡದ ಬದಿ ಬಲಕ್ಕೆ ಬರುವಂತೆ ತಿರುಗಿಸಿ ಇಟ್ಟಳು. ಮುಳ್ಳಿಗೂ ರಿಮ್ಮಿಗೂ ನಡುವೆ ಕಿರುಬೆರಳು ತೂರುವಷ್ಟು ಜಾಗ. ಹನ್ನೆರಡು ಮಿಲ್ಲಿ, ಅಂದರೆ ನಡುವಿನಿಂದ ಆರು.

ಚಕ್ರ ನೇರವಾಗಿಯೇ ಸುತ್ತುತ್ತಿತ್ತು. ಆದರೆ ಇರಬೇಕಾದ ಜಾಗದಲ್ಲಿರಲಿಲ್ಲ. ಸ್ಪೋಕ್ ಹಾಕುವಾಗ ಚಕ್ರದ ನಡುವಿನ ಹಬ್ಬಿನ ಬಲಗಡೆಯಿಂದ ಅಳೆಯಬೇಕಾದ್ದನ್ನು ಅವಳು ಎಡಗಡೆಯಿಂದ ಅಳೆದಿದ್ದಳು. ಅಪ್ಪನ ಫ್ರೇಮು ಗೆರೆ ಎಳೆದಷ್ಟು ನೇರವಾಗಿತ್ತು.

ಆಸ್ಪತ್ರೆಯಿಂದ ನಡೆದು ಬಂದ ಅಪ್ಪ ಬಾಗಿಲಲ್ಲೇ ನಿಂತು ಅವಳ ಮುಖ ನೋಡಿದರು.

"ಫ್ರೇಮ್ ಸರಿಯಿದೆಯಪ್ಪಾ. ತಪ್ಪು ನಂದು. ನೋಡ್ದೆ ಮಾಡ್ದೆ ನಿಮ್ಮ ಮೇಲೆ ಹಾಕ್ಬಿಟ್ಟೆ."

ಅಪ್ಪ ಸ್ಟ್ಯಾಂಡಿನ ಮೇಲಿದ್ದ ಚಕ್ರದ ಕಡೆ ನೋಡಿದರು. "ಎರಡು ವಾರದಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ ನಂಗೆ," ಎಂದರು.

ಅವಳ ಕಣ್ಣು ತುಂಬಿಕೊಂಡಿತು. ಗ್ರೀಸಿನ ಕೈಯಲ್ಲಿ ಒರೆಸಿಕೊಳ್ಳುವಂತಿರಲಿಲ್ಲ.

"ಆರು ಮಿಲ್ಲಿನಾ?" ಅಪ್ಪ ಹತ್ತಿರ ಬಂದು ತಮ್ಮ ಅಂಗಿಯ ತೋಳಿನಿಂದ ಅವಳ ಕೆನ್ನೆ ಒರೆಸಿದರು. "ನಿನ್ನ ವಯಸ್ಸಲ್ಲಿ ನಾನು ಹತ್ತು ಮಿಲ್ಲಿ ತಪ್ಪಿದ್ದೆ. ಆ ಬೈಕಿನ ಮನುಷ್ಯ ಪಾಪ ರಸ್ತೆನೇ ಸರಿಯಿಲ್ಲ ಅಂದ್ಕೊಂಡು ಒಂದು ವರ್ಷ ಓಡಿಸ್ದ." ಆಮೇಲೆ ಡಬ್ಬಿಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ವೆಲ್ಡಿಂಗ್ ಮಿಷನ್ನಿನ ಕಡೆ ನಡೆದರು.

*

ಅವನಿಗೆ ಹೇಳಲು ಅವಳೇ ಆಸ್ಪತ್ರೆಗೆ ಹೋದಳು. ಕಾರಿಡಾರಿನ ಬೆಂಚಿನ ಮೇಲೆ ಅವನು ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದ.

"ಚಕ್ರ ಕಟ್ಟಿದ್ದೇ ತಪ್ಪಾಗಿತ್ತು. ನಾನೇ ಮಾಡಿದ್ದು. ನೀವು ಎಲ್ಲಾದ್ರೂ ಬಿದ್ದಿದ್ರೆ..." ಅವಳಿಗೆ ಅದನ್ನು ಪೂರ್ತಿ ಮಾಡಲಾಗಲಿಲ್ಲ. "ಬೇರೆಯವರ ಹತ್ರ ಕಟ್ಟಿಸ್ಕೊಳ್ಳೋದಾದ್ರೆ ನಂಗೆ ಬೇಜಾರಿಲ್ಲ."

"ನೀವೇ ಕಟ್ಟಿ."

"ಯಾಕೆ?"

"ಈ ತಪ್ಪನ್ನ ನೀವಂತೂ ಇನ್ನೊಂದ್ಸಲ ಮಾಡಲ್ಲ. ಬೇರೆಯವರ ಬಗ್ಗೆ ಹಾಗೆ ಹೇಳೋಕಾಗಲ್ಲ."

ರಜೆಯ ದಿನ ಅವನು ಬಂದು ಎದುರಿಗೆ ಕೂತ. ಅವಳು ಎಲ್ಲ ಸ್ಪೋಕ್ ಸಡಿಲಿಸಿ, ಈ ಸಲ ನಾಲ್ಕು ಬಾರಿ ಅಳೆದು, ರಿಮ್ಮನ್ನು ನಡುವಿಗೆ ಎಳೆದಳು. ಪ್ರತಿ ಸುತ್ತಿಗೂ ಚಕ್ರವನ್ನು ತಿರುಗಿಸಿ ಹಾಕಿ ನೋಡಿದಳು. ಕೊನೆಗೆ ಸ್ಪ್ಯಾನರಿನಿಂದ ಒಂದೊಂದೇ ಸ್ಪೋಕ್ ಮೀಟುತ್ತ ಬಂದಳು. ಬಿಗಿ ಎಲ್ಲಕ್ಕೂ ಒಂದೇ ಸಮವಿದ್ದರೆ ನಾದವೂ ಒಂದೇ.

"ಅದು," ಎಂದ ಅವನು ಕಣ್ಣು ಮುಚ್ಚಿಕೊಂಡೇ. "ಅದೊಂದು ಸ್ವಲ್ಪ ಸಡಿಲ."

ಅವಳಿಗೆ ವ್ಯತ್ಯಾಸ ಕೇಳಿಸಿರಲಿಲ್ಲ. ಕಾಲು ಸುತ್ತು ಬಿಗಿ ಮಾಡಿ ಮತ್ತೆ ಮೀಟಿದಳು. ಅವನು ತಲೆದೂಗಿದ. ಅವನು ಕಣ್ಣು ಮುಚ್ಚಿಕೊಂಡಿದ್ದಾನೆಂದು ಅವಳು ಧೈರ್ಯವಾಗಿ, ಬೇಕಾದಷ್ಟು ಹೊತ್ತು ಅವನ ಮುಖವನ್ನೇ ನೋಡಿದಳು. ರೆಪ್ಪೆಗಳು ಉದ್ದವಿದ್ದವು. ಗಲ್ಲದ ಕೆಳಗೆ ಶೇವಿಂಗ್ ಮಾಡುವಾಗ ಬಿಟ್ಟುಹೋದ ನಾಲ್ಕು ಕೂದಲು.

"ಮುಂದಿನದು ಮೀಟಿಲ್ಲ ನೀವು," ಎಂದ ಅವನು. ತುಟಿಯ ಅಂಚಿನಲ್ಲಿ ನಗುವಿತ್ತು.

ಟೆಸ್ಟಿಗೆ ಅವನು ಓಡಿಸಿದ, ಅವಳು ಹಿಂದೆ ಕೂತಳು. ಒಂದು ಕೈ ಅವನ ಭುಜದ ಮೇಲೆ. ಎಪ್ಪತ್ತು. ಎಪ್ಪತ್ತೈದು. ಎಂಬತ್ತು. ಹ್ಯಾಂಡಲ್ ಅಲುಗಲಿಲ್ಲ. ಇಳಿಸುವಾಗಲೂ ಇಲ್ಲ. ಅವನು ರಸ್ತೆ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದ.

"ಬೈಕ್ ನಡುಗ್ಲಿಲ್ಲ," ಎಂದ. "ನಿಮ್ಮ ಕೈ ನಡುಗ್ತಿತ್ತು."

"ಭಯ ಆಗಿತ್ತು."

"ಈಗ್ಲೂ ನಡುಗ್ತಿದೆ. ಬೈಕ್ ನಿಂತಿದೆ."

ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಅದು ಬೇರೆ ಕಾರಣಕ್ಕೆ," ಎಂದಳು. ಅವನು ಹಿಂದಿರುಗಿ ನೋಡದೇ ಇದ್ದದ್ದರಿಂದ ಹೇಳುವುದು ಸುಲಭವಾಯಿತು. "ನಂಗೆ ನೀನು ಇಷ್ಟ. ತುಂಬ ದಿನದಿಂದ."

‘ನೀನು’ ಎಂದದ್ದು ಇಬ್ಬರಿಗೂ ಕೇಳಿಸಿತು.

ಅವನು ತನ್ನ ಭುಜದ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ. "ನಂಗೆ ಮೊದಲನೇ ದಿನದಿಂದ. ಬೈಕ್ ಸರಿಯಾಗ್ಲಿ, ಆಮೇಲೆ ಹೇಳೋಣ ಅಂತಿದ್ದೆ. ಮಧ್ಯದಲ್ಲಿ ಹೇಳಿದ್ರೆ ನೀನು ಬೈಕನ್ನ ಚೆನ್ನಾಗಿ ನೋಡ್ತಿರ್ಲಿಲ್ಲ, ಸುಮ್ನೆ ‘ಸರಿಯಿದೆ ಹೋಗಿ’ ಅಂದ್ಬಿಡ್ತಿದ್ದೆ."

ಅವಳು ಅವನ ಬೆನ್ನಿಗೆ ಹಣೆಯಿಟ್ಟು ನಕ್ಕಳು.

ಅಪ್ಪನನ್ನು ಕೇಳಲು ಅವನು ಆ ಸಂಜೆಯೇ ಬಂದ. ಅವರು ಹೊಸ ಫ್ರೇಮೊಂದರ ಪೈಪಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು.

"ನಿಮ್ಮ ಮಗಳನ್ನ ಮದುವೆ ಆಗ್ಬೇಕು ಅಂತಿದ್ದೀನಿ," ಎಂದ ಅವನು, ಗಂಟಲು ಸರಿಮಾಡಿಕೊಂಡು.

"ಅವಳನ್ನ ಕೇಳಿದ್ರಾ?"

"ಕೇಳ್ದೆ."

"ಏನಂದ್ಲು?"

"ಅಪ್ಪನ್ನ ಕೇಳು ಅಂದ್ಲು."

"ಸುಳ್ಳು," ಎಂದರು ಅಪ್ಪ. "ಹುಟ್ಟಿದಾಗಿನಿಂದ ಒಂದು ವಿಷಯಕ್ಕೂ ನನ್ನನ್ನ ಕೇಳಿದೋಳಲ್ಲ ಅವಳು."

ಒಳಗಿನಿಂದ ಅವಳ ದನಿ ಬಂತು. "ಈಗ ಕೇಳ್ತಿದ್ದೀನಲ್ಲಪ್ಪಾ!"

ಅಪ್ಪ ಸೀಮೆಸುಣ್ಣ ಕೆಳಗಿಟ್ಟರು. ಕೈ ಒರೆಸಿಕೊಂಡು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪೈಪಿನ ಇನ್ನೊಂದು ತುದಿ ತೋರಿಸಿದರು.

"ಸರಿ ಹಾಗಾದ್ರೆ. ಆ ಕಡೆ ಗಟ್ಟಿಯಾಗಿ ಹಿಡ್ಕೊಳಪ್ಪ."