ಗುರುವಾರದ ರಜೆ

ಯಶೋಧರ ಕೆಲಸಕ್ಕೆ ಸೇರಿದ ವಾರದಲ್ಲೇ ಸತ್ತವನೊಬ್ಬನ ಮೇಲೆ ಜಗಳ ತೆಗೆದ.

ಸತ್ತವನೆಂದು ಅವನಿಗೆ ಗೊತ್ತಿರಲಿಲ್ಲ. ಕುವೈತಿನ ಜಾಬ್ರಿಯಾದ ಕ್ಲಿನಿಕ್ಕುಗಳಿಗೆ ಅಪಾಯಿಂಟ್‌ಮೆಂಟಿನ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ಅದು. ಆಫೀಸಿನ ಚಾಟ್‌ನಲ್ಲಿ ಕೆಲಸದ ಮಾತಿಗೆ ಒಂದು ರೂಮು, ಕೆಲಸಕ್ಕೆ ಬಾರದ ಮಾತಿಗೆ ಇನ್ನೊಂದು. ಕುವೈತಿಗಳು ಸಂಜೆ ಕೂತು ಹರಟುವ ಚಾವಡಿಯ ಹೆಸರನ್ನೇ ಆ ಎರಡನೆಯದಕ್ಕೆ ಇಟ್ಟಿದ್ದರು: ದಿವಾನಿಯಾ. ಹಾಜರಿಯ ಬೆರಳಚ್ಚು ಮಷೀನು, ಬಣ್ಣವಿದ್ದು ರುಚಿಯಿಲ್ಲದ ಚಾ, ಊರಿನ ಟಿಕೆಟ್ಟಿಗೆ ಸತಾಯಿಸುವ ಯಜಮಾನ, ಎಲ್ಲದರ ಮೇಲಿನ ಗೊಣಗಾಟವೂ ಅಲ್ಲಿ.

ಯಶೋಧರ ಅಲ್ಲಿ ಬರೆದ: “ಈ ಆರ್.ಡಿ. ಅಂತ ಹೆಸರು ಹಾಕಿ ಕೋಡ್ ಬರೆದ ಪುಣ್ಯಾತ್ಮ ಯಾರು ಮಾರಾಯ್ರೆ? ಕೈಗೆ ಸಿಕ್ಕಿದ್ರೆ ಸಬ್ಹಾನ್‌ನ ನಮ್ಮ ಸೈಟಿನ ಗೋದಾಮಿನಲ್ಲಿ ಏಸಿ ಇಲ್ಲದೆ ಕೂರಿಸ್ತೇನೆ. ಜುಲೈಯಲ್ಲಿ.”

ದಿವಾನಿಯಾದಲ್ಲಿ ಒಂದು ನಗುವಿನ ಚಿಹ್ನೆಯೂ ಬರಲಿಲ್ಲ.

ಅವನ ಎದುರಿನ ಮೇಜಿನಲ್ಲಿದ್ದ ಒಲಿಂಡಾ ಟೈಪ್ ಮಾಡಿದಳು: “ಅವನು ಸಬ್ಹಾನ್‌ಗೆ ಬರುವುದಿಲ್ಲ. ಊರಿನಲ್ಲಿ, ಶಿರ್ವದ ಇಗರ್ಜಿಯ ಹಿಂದೆ ಮಣ್ಣಿನಲ್ಲಿದ್ದಾನೆ. ವಿಳಾಸ ಬೇಕಾ?”

ಎದುರಿನ ಮಾನಿಟರಿನ ಅಂಚಿನ ಮೇಲೆ ಮೊದಲು ಯಶೋಧರನ ಎರಡು ದಪ್ಪ ಹುಬ್ಬುಗಳು ಕಂಡವು, ಆಮೇಲೆ ಕಣ್ಣುಗಳು, ಆಮೇಲೆ ಇಡೀ ಮನುಷ್ಯ. ಮೇಜು ಸುತ್ತಿ ಅವಳ ಬಳಿ ಬಂದು ನಿಂತ.

“ಸಾರಿ. ನಂಗೆ ಗೊತ್ತಿರ್ಲಿಲ್ಲ.”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವನು ಹೊರಟ. ಅರ್ಧದಲ್ಲಿ ನಿಂತು ತಿರುಗಿದ.

“ಆದ್ರೂ ಅವರು ಬರೆದ ಆ ಲೂಪ್ ತಪ್ಪೇ.”

ಒಲಿಂಡಾ ತಲೆಯೆತ್ತಿ ನೋಡಿದಳು. ಅವನು ಹೆದರಿರಲಿಲ್ಲ, ಕರಗಿರಲಿಲ್ಲ. ಲೂಪ್ ತಪ್ಪು ಎಂಬುದನ್ನು ಬಿಟ್ಟು ಆ ಮುಖದಲ್ಲಿ ಬೇರೇನೂ ಇರಲಿಲ್ಲ.

ಆರ್.ಡಿ. ಅಂದರೆ ರೂಬೆನ್ ಡಿಸೋಜ. ಅವಳ ಗಂಡ. ಇದೇ ಆಫೀಸಿನಲ್ಲಿ, ಈಗ ಯಶೋಧರ ಕೂತಿರುವ ಕುರ್ಚಿಯಲ್ಲೇ ಕೂರುತ್ತಿದ್ದವನು. ಎರಡು ವರ್ಷದ ಹಿಂದೆ ಒಂದು ಗುರುವಾರ, ಅಲ್ಲಿನ ವಾರದ ರಜೆಯ ದಿನ, ತಾಜಾ ತರಕಾರಿ ತರುತ್ತೇನೆಂದು ವಫ್ರಾಕ್ಕೆ ಹೋದವನು ಧೂಳುಗಾಳಿಯಲ್ಲಿ ಟ್ರೇಲರಿನ ಹಿಂಬದಿಗೆ ಕಾರು ಗುದ್ದಿ ಅಲ್ಲೇ ಮುಗಿದ. ಅವಳ ಇಕಾಮಾ, ಅಂದರೆ ವಾಸದ ಪರವಾನಗಿ, ಮೊದಲಿನಿಂದಲೂ ಕಂಪನಿಯ ಹೆಸರಿನಲ್ಲಿದ್ದುದರಿಂದ ಅವಳು ಇಲ್ಲೇ ಉಳಿದಳು. ಅಪ್ಪನ ಮನೆಯ ಹೆಸರನ್ನು ಮದುವೆಯಲ್ಲಿ ಬದಲಿಸಿರಲಿಲ್ಲ; ಹಾಗಾಗಿ ಹೊಸಬರಿಗೆ ಸುಳಿವು ಸಿಗುತ್ತಿರಲಿಲ್ಲ.

ಆವತ್ತಿನಿಂದ ಆಫೀಸು ಅವಳೆದುರು ದನಿ ತಗ್ಗಿಸಿತ್ತು. ಅವಳು ಪ್ಯಾಂಟ್ರಿಗೆ ಕಾಲಿಟ್ಟರೆ ನಗು ಅರ್ಧಕ್ಕೆ ನಿಲ್ಲುತ್ತಿತ್ತು. ದಿವಾನಿಯಾದಲ್ಲಿ ಅವಳು ಒಂದು ಮಾತು ಬರೆದರೆ ಎಲ್ಲರೂ ಹೌದೆನ್ನುತ್ತಿದ್ದರು. ಅವಳ ತಪ್ಪುಗಳನ್ನು ಟೆಸ್ಟಿಂಗಿನ ಪಾಯಸ್ ಅಂಕಲ್ ಸದ್ದಿಲ್ಲದೆ ತಿದ್ದುತ್ತಿದ್ದರು. ಮ್ಯಾನೇಜರ್ ಶ್ಯಾಮಸುಂದರ್ ಅವಳೊಂದಿಗೆ ಆಸ್ಪತ್ರೆಯ ವಾರ್ಡಿನಲ್ಲಿ ಮಾತಾಡಿದಂತೆ ಮಾತಾಡುತ್ತಿದ್ದ. ರೂಬೆನ್‌ನ ಹೆಸರೆತ್ತಿದರೆ ಬರುತ್ತಿದ್ದುದು ಒಂದೇ ಮಾತು, ಎಂಥ ಒಳ್ಳೆಯ ಮನುಷ್ಯ. ಆ ಒಳ್ಳೆಯ ಮನುಷ್ಯ ಯಾರೆಂದು ಅವಳಿಗೇ ಗುರುತು ಸಿಗುತ್ತಿರಲಿಲ್ಲ.

ಅಂದು ಮಧ್ಯಾಹ್ನ ಅವಳು ಪಾಯಸ್ ಅಂಕಲ್ ಮತ್ತು ಶ್ಯಾಮಸುಂದರ್ ಇಬ್ಬರಿಗೂ ಹೇಳಿದಳು: ಹೊಸಬನಿಗೆ ಯಾರೂ ಏನೂ ತಿಳಿಸುವುದು ಬೇಡ. ವಿಧವೆ ಕೇಳಿದ್ದಕ್ಕೆ ಇಲ್ಲವೆನ್ನುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು. ಒಪ್ಪಿದರು.

ಒಬ್ಬನಾದರೂ ದನಿ ತಗ್ಗಿಸದೆ ಮಾತಾಡಲಿ. ಅವಳಿಗೆ ಬೇಕಿದ್ದುದು ಅಷ್ಟೇ.

ಅದು ಧಾರಾಳವಾಗಿ ಸಿಕ್ಕಿತು. ಅವಳ ಮನೆಮಾತು ಕೊಂಕಣಿ, ಕಾರ್ಕಳದ ಕಡೆಯ ಅವನದು ತುಳು, ಜಗಳಕ್ಕೆ ಕನ್ನಡ. ಏಸಿಯ ರಿಮೋಟಿನಿಂದ ಶುರುವಾಗುತ್ತಿತ್ತು. ಅವಳು ತಂಪು ಮಾಡಿದರೆ ಅವನು ಶಾಲು ಹೊದ್ದು ಶವದಂತೆ ಕೂರುತ್ತಿದ್ದ. ಅವನು ಒಣಮೀನಿನ ಚಟ್ನಿ ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ದಿನ ಅವಳು ದಿವಾನಿಯಾದಲ್ಲಿ, ಮಲ್ಪೆಯ ಮೀನಿನ ದಕ್ಕೆಯನ್ನು ನಮ್ಮ ಮೂರನೆಯ ಮಾಳಿಗೆಗೆ ಸ್ಥಳಾಂತರಿಸಲಾಗಿದೆ ಎಂದು ಪ್ರಕಟಣೆ ಹಾಕಿದಳು. ಮೂವತ್ತೈದಾದರೂ ಮದುವೆ ಯಾಕಾಗಲಿಲ್ಲವೆಂದು ಯಾರೋ ಅವನನ್ನು ಕೇಳಿದಾಗ, ಟೆಸ್ಟಿಂಗಿನಲ್ಲೇ ಫೇಲಾದೆ ಎಂದ. ಟೆಸ್ಟ್ ಮಾಡಿದವಳಿಗೆ ಬೋನಸ್ ಕೊಡಬೇಕು ಎಂದು ಒಲಿಂಡಾ ಬರೆದಳು. ಎದುರಿನ ಮಾನಿಟರಿನ ಮೇಲೆ ಹುಬ್ಬುಗಳು ಎದ್ದವು, ಒಂದು ಮೇಲೆ, ಒಂದು ಕೆಳಗೆ. ಅದು ಅವನ ಸಿಟ್ಟಿನ ಮುಖ. ಎರಡೂ ಮೇಲಿದ್ದರೆ ನಗೆ. ಹುಬ್ಬಿನಿಂದ ಕೆಳಗಿನ ಮುಖವನ್ನು ನೋಡುವ ಮೊದಲೇ ಅವಳು ಅವನ ಮನಸ್ಸನ್ನು ಓದಲು ಕಲಿತಿದ್ದಳು.

ಆದರೆ ಅವನ ಬೈಗುಳದ ದೊಡ್ಡ ಪಾಲು ರೂಬೆನ್‌ನಿಗೆ. ರೂಬೆನ್ ಏನನ್ನೂ ಅಳಿಸುತ್ತಿರಲಿಲ್ಲ. ಹಳೆಯ ಕೋಡ್ ಬೇಡವಾದರೆ ಕಂಪ್ಯೂಟರು ಅದನ್ನು ಓಡಿಸದಂತೆ ಕಮೆಂಟಿನ ಗುರುತು ಹಾಕಿ, ಅಲ್ಲೇ ಬಿಟ್ಟು, ಕೆಳಗೆ ಹೊಸದು ಬರೆಯುತ್ತಿದ್ದ.

“ಎಂತಕ್ಕೆ ಇಟ್ಟುಕೊಂಡಿದ್ದಾನೆ ಇದನ್ನೆಲ್ಲ?” ಯಶೋಧರ ಒಂದು ದಿನ ಮೇಜಿನಾಚೆಯಿಂದ ಕೂಗಿದ. “ಇವನ ಮನೆಯಲ್ಲಿ ಟಿವಿಯ ಖಾಲಿ ಡಬ್ಬ ಅಟ್ಟದಲ್ಲಿ ಉಂಟು, ಬೇಕಾದ್ರೆ ಬೆಟ್ ಕಟ್ತೇನೆ.”

ಟಿವಿಯದ್ದು, ಮಿಕ್ಸಿಯದ್ದು, ಒಡೆದುಹೋದ ಇಸ್ತ್ರಿಪೆಟ್ಟಿಗೆಯದ್ದು, ಎಲ್ಲವೂ ಅವಳ ಮಲಗುವ ಕೋಣೆಯ ಕಪಾಟಿನ ಮೇಲೆ ಇದ್ದವು. ಒಲಿಂಡಾ ಎದ್ದು ವಾಶ್‌ರೂಮಿಗೆ ಹೋದಳು. ನಲ್ಲಿ ಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕನ್ನಡಿಯಲ್ಲಿ ಆ ಮುಖ ಕಂಡು ತಾನೇ ಬೆಚ್ಚಿದಳು.

ವಾಪಸು ಬಂದು, “ಅವನ ಕೋಡ್ ಎರಡು ವರ್ಷ ಬಿದ್ದಿಲ್ಲ. ನಿಮ್ಮದು ಊಟದವರೆಗೆ ನಿಲ್ತದಾ ನೋಡುವ” ಎಂದಳು.

ಆ ಬೇಸಿಗೆಯಲ್ಲಿ ಸರ್ಕಾರ ವಾರದ ರಜೆ ಬದಲಿಸಿತು. ಸೆಪ್ಟೆಂಬರಿನಿಂದ ಗುರುವಾರ ಶುಕ್ರವಾರದ ಬದಲು ಶುಕ್ರವಾರ ಶನಿವಾರ. ರೂಬೆನ್ ಮಾತ್ರ ಗುರುವಾರದ ರಜೆಯನ್ನು ಕೋಡಿನ ಮೂಲೆಮೂಲೆಯಲ್ಲಿ, ಸೂರ್ಯ ಮೂಡಿದಷ್ಟು ಖಾತ್ರಿಯಿಂದ ಬರೆದಿಟ್ಟಿದ್ದ. ಹಾಗೇ ಬಿಟ್ಟರೆ ಹೊಸ ಗುರುವಾರ ಡಾಕ್ಟರು ಕ್ಲಿನಿಕ್ಕಿನಲ್ಲಿ ಕೂತಿರುತ್ತಾರೆ, ಒಬ್ಬ ರೋಗಿಗೂ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ. ಯಶೋಧರ ಆ ಭಾಗಗಳನ್ನೆಲ್ಲ ಕಿತ್ತು ಹೊಸದಾಗಿ ಬರೆಯಬೇಕೆಂದ. ಒಲಿಂಡಾ ಬೇಡವೆಂದಳು. ಮೀಟಿಂಗಿನಲ್ಲಿ ಎಲ್ಲರೆದುರು ಬೇಡವೆಂದಳು; ಸುತ್ತ ಹೊಸದು ಸೇರಿಸಿ, ಹಳೆಯದನ್ನು ಮುಟ್ಟಬೇಡಿ ಎಂದಳು. ಎರಡು ವರ್ಷದಿಂದ ಅವಳು ಮಾಡಿಕೊಂಡು ಬಂದಿದ್ದುದೂ ಅದನ್ನೇ.

ಯಶೋಧರ ಪೆನ್ನನ್ನು ಮೇಜಿನ ಮೇಲೆ ಬಿಸಾಡಿದ.

“ಮೇಡಂ, ಇದು ಸಾಫ್ಟ್‌ವೇರಾ, ಸಮಾಧಿಯಾ? ನೀವು ಹೂ ಇಟ್ಟುಕೊಂಡು ಕೂತಿದ್ದೀರಿ.”

ಒಲಿಂಡಾಳ ಕಿವಿ ಬಿಸಿಯಾಯಿತು. ನೋವಾಯಿತು, ನಿಜ. ಆದರೆ ಜೋಮು ಹಿಡಿದ ಕಾಲಿಗೆ ರಕ್ತ ಇಳಿದಾಗ ಆಗುವ ನೋವಿನಂತೆ, ಅದು ತನ್ನದೇ ಕಾಲೆಂದು ತಿಳಿಯುವಂತೆ.

“ನಿಮ್ಮ ಕೋಡಿಗೆ ಹೂ ಇಡುವವರೂ ಸಿಗ್ಲಿಕ್ಕಿಲ್ಲ” ಎಂದು ಹೇಳಿ ಎದ್ದು ಬಂದಳು.

ಪಾಯಸ್ ಅಂಕಲ್‌ಗೆ ತಡೆಯಲಾಗಲಿಲ್ಲ. ಅಂದೇ ಯಶೋಧರನನ್ನು ಕಾರ್ ಪಾರ್ಕಿಂಗಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿಬಿಟ್ಟರು.

ಮರುದಿನ ಅವಳಿಗೆ ಯಾರೂ ತಿಳಿಸಬೇಕಾಗಲಿಲ್ಲ. ಏಸಿ ಅವಳಿಗೆ ಬೇಕಾದಷ್ಟು ತಂಪಾಗಿತ್ತು, ಶಾಲು ಕಾಣಲಿಲ್ಲ. ಮಧ್ಯಾಹ್ನ ಒಣಮೀನಿನ ವಾಸನೆಯಿಲ್ಲ. ಮೇಜಿನ ಮೇಲೆ ಚಾ ಬಂದಿತ್ತು, ಯಾರಿಟ್ಟದ್ದೆಂದು ಕೇಳಬೇಕಾಗಿರಲಿಲ್ಲ. ನಿನ್ನೆಯವರೆಗೆ ಬೈಗುಳದಂತೆ ಕೇಳಿಸುತ್ತಿದ್ದ ‘ಮೇಡಂ’ ಈಗ ಹತ್ತಿಯಲ್ಲಿ ಸುತ್ತಿ ಬರುತ್ತಿತ್ತು. ದಿವಾನಿಯಾದಲ್ಲಿ ಅವನಿಂದ ಒಂದು ಸಾಲಿಲ್ಲ. ಮಾನಿಟರಿನ ಮೇಲೆ ಹುಬ್ಬುಗಳು ಏಳಲೇ ಇಲ್ಲ.

ಆ ವಾರವೆಲ್ಲ ಹೀಗೆ ಹೋಯಿತು. ಅವಳು ಬೇಕೆಂದೇ ತಪ್ಪು ಕೋಡ್ ಬರೆದು ಅವನ ಪರಿಶೀಲನೆಗೆ ಕಳಿಸಿದಳು. ತಿದ್ದಿ ವಾಪಸು ಬಂತು, ಥ್ಯಾಂಕ್ಸ್ ಎಂಬ ಮಾತಿನೊಂದಿಗೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳಿಗೆ ಅಳು ಬಂತು. ರೂಬೆನ್‌ನಿಗಾಗಿ ಅಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು. ಅದಕ್ಕೇ ಇನ್ನಷ್ಟು ಬಂತು.

ಬುಧವಾರ, ರಜೆಯ ಹಳೆಯ ಲೆಕ್ಕದಲ್ಲಿ ವಾರದ ಕೊನೆಯ ಕೆಲಸದ ದಿನ, ಅವಳು ಗುರುವಾರದ ಕೋಡ್ ತೆರೆದು ನೋಡಿದಳು. ಯಶೋಧರ ಬರೆದ ಹೊಸ ಲೆಕ್ಕ ಅಚ್ಚುಕಟ್ಟಾಗಿತ್ತು. ಅದರ ಮೇಲೆ ರೂಬೆನ್ ಬರೆದ ಸಾಲುಗಳು ಒಂದೂ ಬಿಡದೆ ಹಾಗೇ ಇದ್ದವು, ಓಡದಂತೆ ಕಮೆಂಟ್ ಮಾಡಿ. ನೆತ್ತಿಯಲ್ಲಿ ಒಂದು ಸೂಚನೆ: ದಯವಿಟ್ಟು ಅಳಿಸಬೇಡಿ.

ಅವಳು ಎದ್ದು ಪ್ಯಾಂಟ್ರಿಗೆ ಹೋದಳು. ಯಶೋಧರ ಕೆಟಲಿನೆದುರು ನಿಂತಿದ್ದ. ಅವಳು ಬಾಗಿಲಿಗೆ ಬೆನ್ನು ಕೊಟ್ಟಳು.

“ದಯವಿಟ್ಟು ಅಳಿಸಬೇಡಿ ಅಂತೆ. ಮಂಡೆ ಸರಿ ಉಂಟಾ ನಿಮ್ಗೆ?”

“ನಿಮಗೆ ಬೇಕಾಗಬಹುದು ಅಂತ...”

“ನಂಗೆ ಎಂತ ಬೇಕು ಅಂತ ನೀವು ಯಾವಾಗ ಕೇಳಿದ್ದು?”

ಅವನು ಕಪ್ಪನ್ನು ಕೆಳಗಿಟ್ಟ. “ಒಲಿಂಡಾ, ನಾನು ಮಾತಾಡಿದ್ದು ಮನುಷ್ಯರು ಆಡುವ ಮಾತಲ್ಲ. ಅವತ್ತು ಮೀಟಿಂಗಲ್ಲಿ. ಅದಕ್ಕೆ ಮೊದಲು ಕೂಡ. ಗೊತ್ತಿದ್ದಿದ್ದರೆ...”

“ಗೊತ್ತಿದ್ದಿದ್ದರೆ ಎಲ್ಲರ ಹಾಗೆ ಆಗ್ತಿದ್ರಿ. ಈಗ ಆಗಿದ್ದೀರಲ್ಲ, ಹಾಗೆ.” ಅವಳ ದನಿ ಏರಿತು. ಹೊರಗೆ ಕೀಬೋರ್ಡುಗಳು ನಿಂತದ್ದು ಕೇಳಿಸಿತು. ಏರಿದ ದನಿಯನ್ನು ಅವಳು ಇಳಿಸಲಿಲ್ಲ. “ಎರಡು ವರ್ಷದಿಂದ ರೂಬೆನ್‌ನನ್ನು ಯಾರೂ ಬೈದಿಲ್ಲ. ಇಗರ್ಜಿಯಲ್ಲಿ ಹೊಗಳ್ತಾರೆ, ಫೋನಲ್ಲಿ ಹೊಗಳ್ತಾರೆ. ನೀವೊಬ್ಬರೇ ಬೈದದ್ದು. ನೀವು ಬೈಯುವಾಗ ಅವನು ಇಲ್ಲೇ ಚಾ ಕುಡಿಲಿಕ್ಕೆ ಹೋಗಿದ್ದಾನೆ, ಬಂದು ನಿಮ್ಗೆ ಎರಡು ಮಾತು ಹೇಳ್ತಾನೆ ಅನಿಸ್ತಿತ್ತು. ಆ ಡಬ್ಬಗಳು ಉಂಟು, ಗೊತ್ತುಂಟಾ? ಟಿವಿದು. ನಾನು ಎಷ್ಟು ಸಲ ಜಗಳ ಮಾಡಿದ್ದೇನೆ ಅವನ ಹತ್ರ. ಅದು ಮರ್ತೇ ಹೋಗಿತ್ತು. ನಾವು ಜಗಳ ಮಾಡ್ತಿದ್ದದ್ದೇ ಮರ್ತುಹೋಗಿತ್ತು.”

ಕೆಟಲ್ ಕುದಿದು ತಾನೇ ಆರಿತು.

“ನನ್ನನ್ನು ಸಬ್ಹಾನ್‌ನ ಸೈಟಿಗೆ ಹಾಕಿ ಅಂತ ಶ್ಯಾಮಸುಂದರ್ ಹತ್ರ ಕೇಳಿದ್ದೇನೆ” ಎಂದ ಯಶೋಧರ.

ಅವಳು ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

“ಬೈದದ್ದಕ್ಕೆ ಅಲ್ಲ.” ಅವನು ಅವಳನ್ನಲ್ಲ, ಸಕ್ಕರೆ ಡಬ್ಬಿಯನ್ನು ನೋಡುತ್ತಿದ್ದ. “ನಂಗೆ ಆ ಏಸಿಯಿಂದ ಚಳಿ ಆಗುವುದೇ ಇಲ್ಲ. ರಿಮೋಟ್ ತೆಗೆದಿಟ್ಟರೆ ಕೇಳ್ಲಿಕ್ಕೆ ನೀವು ಎದ್ದು ಬರ್ತೀರಿ, ಅದಕ್ಕೆ. ಮೀನಿನ ಚಟ್ನಿ ಕೂಡ. ನನ್ನ ಹತ್ರ ನೀವು ಮಾತಾಡುವುದು ಜಗಳದಲ್ಲಿ ಮಾತ್ರ ಅಲ್ವಾ? ಹಾಗೆ ದಿನಕ್ಕೊಂದು ಹುಡುಕ್ತಿದ್ದೆ. ಈಗ ನೋಡಿದ್ರೆ, ಅವರ ಕುರ್ಚಿಯಲ್ಲಿ ಕೂತು, ಅವರ ಹೆಸರು ಹಿಡಿದು ಬೈದು, ಅವರ ಹೆಂಡತಿಯನ್ನು... ನಾಚಿಕೆ ಆಗ್ತದೆ ಒಲಿಂಡಾ. ಎದುರು ಕೂರ್ಲಿಕ್ಕೆ ಆಗುವುದಿಲ್ಲ ನಂಗೆ.”

ಬೇರೆ ಯಾರಾದರೂ ಇದನ್ನು ಮೆಲ್ಲಗೆ ಹೇಳಿದ್ದರೆ ಅವಳು ಮೆಲ್ಲಗೆ ಹೊರಗೆ ಹೋಗಿಬಿಡುತ್ತಿದ್ದಳೇನೋ. ಅವನು ಹೇಳಿದ್ದು ದೂರು ಕೊಡುವವನಂತೆ, ಸಿಡುಕಿನಿಂದ. ಹಳೆಯ ಯಶೋಧರನ ದನಿಯಲ್ಲಿ.

“ಸಬ್ಹಾನ್‌ಗೆ ಆಮೇಲೆ ಹೋಗಿ” ಎಂದಳು. “ಮೊದಲು ನಿಮ್ಮ ಕೆಲಸ ಮುಗ್ಸಿ. ಬನ್ನಿ.”

ಅವಳ ಮೇಜಿನ ಬಳಿ ಅವನು ಕುರ್ಚಿಯೆಳೆದು ಕೂತ. ಪರದೆಯಲ್ಲಿ ರೂಬೆನ್‌ನ ಸಾಲುಗಳು.

“ಓದಿ” ಎಂದಳು ಅವಳು. “ಮೊದಲಿನ ಹಾಗೆ ಓದಿ. ನಾನು ಅಳಿಸ್ತೇನೆ.”

ಅವನು ಗಂಟಲು ಸರಿಮಾಡಿಕೊಂಡ. ಮೊದಲ ಸಾಲನ್ನು ಸಪ್ಪೆಯಾಗಿ ಓದಿದ. ಅವಳು ಅಳಿಸಲಿಲ್ಲ, ಕೈ ಕಟ್ಟಿ ಕೂತಳು. ಅವನಿಗೆ ಅರ್ಥವಾಯಿತು.

“ಇದೆಂತದು ಮಾರಾಯ?” ಎಂದ, ಪರದೆಗೆ, ಅಲ್ಲಿ ಇಲ್ಲದವನಿಗೆ. “ಗುರುವಾರ ರಜೆ ಅಂತ ಒಂದು ಕಡೆ ಬರೆದರೆ ಸಾಲದಾ? ಊರಿಗೆಲ್ಲ ಹಂಚಿದ್ದೀಯಲ್ಲ, ಮದುವೆ ಕಾಗದದ ಹಾಗೆ.”

ಒಲಿಂಡಾ ಆ ಸಾಲನ್ನು ಅಳಿಸಿದಳು.

ಅವನು ಬೈಯುತ್ತ ಹೋದ, ಅವಳು ಅಳಿಸುತ್ತ ಹೋದಳು. ಎಲ್ಲೋ ನಡುವೆ ಅವಳ ಕಣ್ಣು ತುಂಬಿ ಪರದೆ ಮಂಜಾಯಿತು. ಅವನು ನೋಡಿಯೂ ಬೈಗುಳ ನಿಲ್ಲಿಸಲಿಲ್ಲ, ಟಿಶ್ಯೂ ಡಬ್ಬವನ್ನು ಮೊಣಕೈಯಿಂದ ಅವಳತ್ತ ತಳ್ಳಿದ ಅಷ್ಟೆ. ಕೊನೆಯ ಸಾಲು ಬಂತು.

“ಇದರಲ್ಲಿ ತಪ್ಪಿಲ್ಲ” ಎಂದ ಅವನು. “ಚೆನ್ನಾಗಿ ಬರೆದಿದ್ದಾರೆ.”

“ಗೊತ್ತು” ಎಂದಳು. ಅದನ್ನೂ ಅಳಿಸಿದಳು.

ರಜೆಯ ಹೊಸ ಲೆಕ್ಕದ ಮೊದಲ ಗುರುವಾರ ಒಲಿಂಡಾ ಕೆಲಸಕ್ಕೆ ಬಂದಳು. ಎರಡು ವರ್ಷ ಗುರುವಾರಗಳೆಂದರೆ ಕಿಟಕಿಯ ಪರದೆ ಎಳೆದ ಕೋಣೆ, ಕಪಾಟಿನ ಮೇಲಿನ ಡಬ್ಬಗಳು, ಗೋಡೆ ನೋಡುತ್ತ ಮಲಗುವುದು. ಈವತ್ತು ಬೆರಳಚ್ಚು ಮಷೀನು ಎಂದಿನಂತೆ ಅವಳ ಬೆರಳನ್ನು ಒಪ್ಪಲಿಲ್ಲ. ಎದುರಿನ ಕುರ್ಚಿ ಖಾಲಿಯಿತ್ತು. ಸಬ್ಹಾನ್‌ನ ವಿಷಯವನ್ನು ಅವಳು ಶ್ಯಾಮಸುಂದರ್‌ನ ಬಳಿ ಕೇಳಿರಲಿಲ್ಲ, ಕೇಳಲು ಹೆದರಿದ್ದಳು.

ಆಮೇಲೆ ಪ್ಯಾಂಟ್ರಿಯ ಕಡೆಯಿಂದ ಒಣಮೀನಿನ ವಾಸನೆ ಬಂತು. ಬೆಳಿಗ್ಗೆ, ಯಾರೂ ಇನ್ನೂ ಚಾ ಕುಡಿಯುವ ಮೊದಲೇ.

ಅವಳು ದಿವಾನಿಯಾ ತೆರೆದಳು. “ಯಾರು ಮಾರಾಯ್ರೆ, ಬೆಳಿಗ್ಗೆಯೇ ದಕ್ಕೆ ತೆರೆದದ್ದು?”

ಮೊದಲು ಪಾಯಸ್ ಅಂಕಲ್, ಪಾಪ, ಹೆದರುತ್ತ ಹೆದರುತ್ತ ಬರೆದರು: “ನಿಮ್ಮ ಮೂಗು ಉದ್ದ ಆಯ್ತು ಒಲಿಂಡಾ.” ಎರಡು ವರ್ಷದಲ್ಲಿ ಅವರು ಅವಳಿಗೆ ಮಾಡಿದ ಮೊದಲ ಗೇಲಿ ಅದು. ಅದರ ಬೆನ್ನಿಗೆ ಉಳಿದವರೂ ಬಿದ್ದರು, ರೂಮು ಮೀನುಪೇಟೆಯಾಯಿತು.

ಎದುರಿನ ಕುರ್ಚಿ ಕಿರುಗುಟ್ಟಿತು, ಮಾನಿಟರಿನ ಮೇಲೆ ಹುಬ್ಬುಗಳೆದ್ದವು. ಎರಡೂ ಮೇಲೆ.

“ನಾಳೆ ಶುಕ್ರವಾರ, ರಜೆ” ಎಂದ ಯಶೋಧರ. “ನಿಮ್ಮ ಪೂಜೆ ಮುಗಿಯುವಾಗ ನಾನು ಇಗರ್ಜಿಯ ಹೊರಗೆ ನಿಂತಿರ್ಲಾ?”

“ಬಿಸಿಲುಂಟು.”

“ಇರ್ಲಿ.”

“ಪಾದ್ರಿಗಳ ಪ್ರಸಂಗ ಉದ್ದ.”

“ಇರ್ಲಿ ಅಂದೆನಲ್ಲ.” ಹುಬ್ಬುಗಳ ಕೆಳಗೆ ಕಣ್ಣುಗಳೂ ಬಂದವು, ಅವಳನ್ನು ಬಿಟ್ಟು ಕದಲಲಿಲ್ಲ. “ನನ್ನ ಮನೆಯಲ್ಲಿ, ನಿಮ್ಮ ಮನೆಯಲ್ಲಿ, ಎರಡೂ ಕಡೆ ದೊಡ್ಡ ಗಲಾಟೆ ಆಗ್ತದೆ ಒಲಿಂಡಾ. ಅದನ್ನೂ ಈಗಲೇ ಹೇಳ್ತೇನೆ.”

ಒಲಿಂಡಾ ರಿಮೋಟ್ ಎತ್ತಿ ಏಸಿಯನ್ನು ಇನ್ನಷ್ಟು ತಂಪು ಮಾಡಿದಳು.

“ಆಗ್ಲಿ” ಎಂದಳು. “ಅಷ್ಟು ಅಭ್ಯಾಸ ಆಗಿದೆಯಲ್ಲ ನಮಗೆ.”