ಮೊದಲ ಕೀವು

"ಅತ್ತೆ! ಬೇಗ ಬನ್ನಿ... ಕೀವು! ಮಗು ಕಾಲಲ್ಲಿ ಕೀವು!"

ಹೊಲಿಗೆ ಯಂತ್ರ ನಿಂತಿತು. ಅರ್ಧ ಹೊಲಿದ ಅಂಗಿಯನ್ನು ಅಲ್ಲೇ ಬಿಟ್ಟು ಅತ್ತೆ ಓಡಿ ಬಂದರು. ಸೊಸೆ ನೆಲದ ಮೇಲೆ ಕುಳಿತು, ಮೂರು ವರ್ಷದ ಮಗನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಲೇ ನಗುತ್ತಿದ್ದಳು. ಹೊಸ ಬೂಟು ಕಚ್ಚಿದ ಜಾಗದಲ್ಲೊಂದು ಗುಳ್ಳೆ. ಅದರ ತುದಿಯಲ್ಲಿ ಸಾಸಿವೆಯಷ್ಟು ಹಳದಿ!

ಕೀವು ಕಂಡು ಯಾರಾದರೂ ಹಿಗ್ಗುತ್ತಾರೆಯೇ? ಆದರೆ ಈ ಮಗುವಿಗೆ ಹುಟ್ಟಿದಾಗಿನಿಂದ ಕೀವೇ ಆಗಿರಲಿಲ್ಲ. ಅವನ ಬಿಳಿ ರಕ್ತಕಣಗಳಿಗೆ ರಕ್ತನಾಳದ ಗೋಡೆಗೆ ಅಂಟಿಕೊಂಡು, ಅದನ್ನು ದಾಟಿ ಗಾಯದ ಬಳಿ ಹೋಗಲು ಬರುತ್ತಿರಲಿಲ್ಲ. ರೋಗಾಣುಗಳೊಂದಿಗೆ ಹೋರಾಡಿ ಸತ್ತ ಆ ಕಣಗಳೇ ತಾನೆ ಕೀವಾಗುವುದು? ಅವು ಬಾರದ ಗಾಯ ಮೇಲೆ ಶುಭ್ರವಾಗಿದ್ದು ಒಳಗೊಳಗೇ ಕೊಳೆಯುತ್ತಿತ್ತು. ಅದು ತಿಳಿಯದೆ ಅತ್ತೆ, "ನನ್ನ ಮೊಮ್ಮಗನ ಮೈ ಎಷ್ಟು ಶುದ್ಧ, ಕೀವೇ ಕಟ್ಟಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡಿದ್ದರು! ಕಾಯಿಲೆ ಗೊತ್ತಾದ ದಿನ ಮಾತು ತಿರುಗಿತು: "ಎಲ್ಲಾ ನಿನ್ನ ತವರಿನ ರಕ್ತ!" ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಒಂದೊಂದು ಜೀನ್ ಬಂದರೆ ಮಾತ್ರ ಹೀಗಾಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರೂ, ತಮ್ಮ ರಕ್ತ ಪರೀಕ್ಷೆಗೆ ಅತ್ತೆ ಒಪ್ಪಲಿಲ್ಲ. ಚಳಿಗಾಲದಲ್ಲಿ ಮಗುವಿನ ಅಕ್ಕನ ಅಸ್ಥಿಮಜ್ಜೆಯನ್ನು ಅವನಿಗೆ ಹಾಕಿದ್ದರು. ಆ ಮಜ್ಜೆಯಿಂದ ಹುಟ್ಟುವ ಹೊಸ ಕಣಗಳು ಗಾಯದವರೆಗೆ ಬರುತ್ತವೋ ಇಲ್ಲವೋ ಎಂದು ತಾಯಿಯ ಜೀವ ಅಂದಿನಿಂದ ಹೊಯ್ದಾಡುತ್ತಿತ್ತು...

"ಅದು ನನ್ನ ಕೀವು!" ಏಳು ವರ್ಷದ ಅಕ್ಕ ನುಗ್ಗಿ ಬಂದಳು. "ಮಜ್ಜೆ ಕೊಟ್ಟಿದ್ದು ನಾನು. ಮುಟ್ಟಬೇಡ ಅಂತ ಇವನಿಗೆ ಹೇಳಜ್ಜಿ!"

ಆಸ್ಪತ್ರೆಯಲ್ಲಿ ಡಾಕ್ಟರು ಗುಳ್ಳೆಯನ್ನು ನೋಡಿದರು, ಮಗುವಿನ ರಕ್ತವನ್ನೂ ಪರೀಕ್ಷಿಸಿದರು. "ಅಕ್ಕನ ಕಣಗಳು ಡ್ಯೂಟಿಗೆ ಬಂದಿವೆ. ಐದು ದಿನ ಔಷಧಿ ಕೊಡಿ, ಸಾಕು" ಎಂದು ನಕ್ಕರು.

ಅಷ್ಟರಲ್ಲಿ ಅತ್ತೆ ತೋಳು ಮೇಲೇರಿಸಿ ನರ್ಸಿನ ಎದುರು ಕುಳಿತಿದ್ದರು. "ನಂದೂ ತೆಗೀರಿ."

"ಈಗ್ಯಾಕತ್ತೆ? ಮಗು ಹುಷಾರಾಯ್ತಲ್ಲ!"

"ನನ್ನ ಮಗಳು ಬಸುರಿ ಕಣೇ. ನನ್ನ ರಕ್ತದಲ್ಲಿದ್ರೆ ಅವಳಲ್ಲೂ ಇರಬಹುದು... ನಾನು ನಿನ್ನ ಅಂದಂಗೆ ಅವಳತ್ತೆ ಅವಳನ್ನ ಅಂದ್ರೆ?" ಅವರು ಸೊಸೆಯ ಮುಖ ನೋಡಿದರು. "ಅಯ್ಯೋ ಮಗಳೇ... ಹೇಗೆ ತಡ್ಕೊಂಡೆ ನೀನು!"

ಸೊಸೆ ಕಣ್ಣೊರೆಸಿಕೊಂಡಳು. "ತೀರಾ ಸಿಟ್ಟು ಬಂದಾಗ ನಿಮ್ಮ ಕತ್ತರಿ ಬಚ್ಚಿಡ್ತಿದ್ದೆ, ಅತ್ತೆ."

"ಹಾಂ! ಅದು ನೀನಾ? ಪಾಪ, ನಿನ್ನ ಗಂಡನ್ನ ಎಷ್ಟು ಬೈದೆ ನಾನು!"

ನರ್ಸೂ ನಕ್ಕಳು. ಜೀವಮಾನವೆಲ್ಲ ಹೊಲಿಗೆಯ ಸೂಜಿ ಹಿಡಿದಿದ್ದ ಅತ್ತೆ, ಸಿರಿಂಜ್ ಕಂಡದ್ದೇ ಕಣ್ಣು ಗಟ್ಟಿಯಾಗಿ ಮುಚ್ಚಿ ಸೊಸೆಯ ಕೈ ಹಿಡಿದುಕೊಂಡರು. ರಕ್ತ ತೆಗೆದಾದ ಮೇಲೂ ಬಿಡಲಿಲ್ಲ.