ಲಾಂಡ್ರಿ ಸಂಘದ ಕೊನೆಯ ಸಹಿ

ಡ್ರಮ್ಮಿನ ಬಾಗಿಲು ಮುಚ್ಚಿತು.

ಒಳಗೆ ನಾನು. ಮಂಡಿ ಗದ್ದಕ್ಕೆ ತಾಗಿತ್ತು. ಬೆನ್ನ ಕೆಳಗೆ ಒದ್ದೆ ಸ್ಟೀಲು. ಎದುರಿಗೆ ದಪ್ಪ ಗಾಜು, ಅದರಾಚೆ ನಾಲ್ಕೈದು ಮುಖ. ಒಂದರಲ್ಲೂ ಕನಿಕರದ ಸುಳಿವಿರಲಿಲ್ಲ.

ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಅದು. ಯಾರ್ಯಾರದೋ ರಕ್ತ, ಕೀವು, ವಾಂತಿ ಮೆತ್ತಿದ ಬೆಡ್‌ಶೀಟುಗಳು ಇದೇ ಡ್ರಮ್ಮಿನಲ್ಲಿ ಹೊರಳಾಡಿ ಹೋಗಿದ್ದವು. ಬ್ಲೀಚು ಮೂಗು ಸುಡುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ... ಅದು ಬ್ಲೀಚಿಗೂ ಬಗ್ಗಿರಲಿಲ್ಲ.

"ಯಾರು ಕಳಿಸಿದ್ದು ನಿನ್ನ?" ಹೊರಗಿನಿಂದ ಮುದುಕನ ಧ್ವನಿ. "ಹೇಳ್ತೀಯೋ, ಸ್ವಿಚ್ ಹಾಕ್ಲೋ?"

ನಾನು ಹೇಳಲಿಲ್ಲ. ನನ್ನ ಕಸುಬಿನಲ್ಲಿ ಬಾಯಿಬಿಟ್ಟವನಿಗೆ ಮುಂದಿನ ಕೆಲಸ ಸಿಗುವುದಿಲ್ಲ.

"ನನ್ನ ಮೊಮ್ಮಗಳನ್ನ ಸ್ಕೂಲ್ ಗೇಟ್ ಹತ್ರ ಹೆದರ್ಸಿದ್ಯಂತೆ. ಮಗು ಅದು... ಥೂ."

ಇದು ನನಗೆ ಹೊಸ ಸುದ್ದಿ. ನಾನು ಮುಟ್ಟದ ಹೊಲಸು ಕೆಲಸಗಳು ಒಂದೆರಡು ಇವೆ. ಇದು ಅವುಗಳಲ್ಲಿ ಒಂದು.

"ಸುಳ್ಳು," ಎಂದು ಕೂಗಿದೆ. ಗಾಜು ಆ ಮಾತನ್ನು ನುಂಗಿತು.

ಮುದುಕನ ಕೈ ಸ್ವಿಚ್ಚಿನ ಕಡೆ ಹೋಯಿತು. ಅವನ ಕಣ್ಣು ನೋಡಿದೆ. ಬರೀ ಹೆದರಿಸಲು ಬಂದ ಕಣ್ಣಲ್ಲ ಅದು.

ಆಗ ವಿಚಿತ್ರವೊಂದು ನಡೆಯಿತು.

ಸ್ವಿಚ್ ಒತ್ತುವ ಮೊದಲು ಅವನ ಇನ್ನೊಂದು ಕೈ ತಾನಾಗಿ ಮೇಲೆದ್ದು ಬಾಗಿಲನ್ನು ತಟ್ಟಿತು. ಟಕ್, ಟಕ್. ಆಮೇಲೆ ಅವನು ತಲೆ ಓರೆ ಮಾಡಿ, ಕಿವಿಗೊಟ್ಟು ನಿಂತ. ಉಳಿದವರೂ ಹಾಗೆಯೇ ನಿಂತರು.

ಯಾಕೆಂದು ನನಗೆ ತಿಳಿಯಲಿಲ್ಲ. ಬಾಗಿಲು ತಟ್ಟಿದವರಿಗೆ ಉತ್ತರ ಕೊಡುವುದು ಮನುಷ್ಯನ ಚಾಳಿ. ಒಳಗಿನಿಂದ ನಾನೂ ತಟ್ಟಿದೆ.

ಮುದುಕ ಕೆಂಡ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. ಮತ್ತೆ ಚಾಚಿದ. ಒತ್ತಲು ಆಗಲಿಲ್ಲ.

"ಉತ್ತರ ಬಂತಲ್ಲಮ್ಮಾ," ಎಂದ, ಪಕ್ಕದಲ್ಲಿದ್ದ ಹೆಂಗಸಿಗೆ. "ಇನ್ನು ಹಾಕೋಕಾಗಲ್ಲ."

"ತಟ್ಟಿದ್ಯಾಕೆ ಮಾವ?"

"ಕೈ ತಟ್ಟಿಬಿಡ್ತು."

ಬಾಗಿಲು ತೆಗೆದರು. ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಜಾರಿದೆ.

"ನಿಮಗೆ ಕೊಲೆ ಮಾಡೋಕೂ ನೆಟ್ಟಗೆ ಬರಲ್ಲ," ಎಂದೆ ಕೆಮ್ಮುತ್ತಾ.

"ಕಲಿಸೋಕೆ ನಿನ್ನಂಥೋರು ಇದ್ದೀರಲ್ಲ," ಎಂದಳು ಆಕೆ.

ಆಕೆ ಇಸ್ತ್ರಿ ವಿಭಾಗದವಳು. ಅಲ್ಲಿ ಎಲ್ಲರಿಗೂ ಅಕ್ಕ. ಮುದುಕ ಆಕೆಯ ಗಂಡನ ಅಪ್ಪ. ಆಕೆ ಮಾವ ಎನ್ನುತ್ತಾಳೆಂದು ಇಡೀ ಲಾಂಡ್ರಿ ಅವನನ್ನು ಮಾವ ಎನ್ನುತ್ತಿತ್ತು. ಆಕೆಯ ಗಂಡ ಸತ್ತದ್ದು ಇದೇ ಡ್ರಮ್ಮಿನಲ್ಲಿ. ಸಿಕ್ಕಿಕೊಂಡ ಬಟ್ಟೆ ಬಿಡಿಸಲು ಒಳಗೆ ತೂರಿದ್ದ. ಗೊತ್ತಿಲ್ಲದೆ ಒಬ್ಬ ಬಾಗಿಲು ಮುಚ್ಚಿ ಸ್ವಿಚ್ ಹಾಕಿದ. ಅಂದಿನಿಂದ ಈ ವಾಷಿಂಗ್ ಹಾಲ್‌ನಲ್ಲಿ ತಟ್ಟದೆ, ಕಿವಿಗೊಡದೆ, ಯಾರೂ ಮಷಿನ್ ಹಾಕುವುದಿಲ್ಲ. ಕಂಪನಿ ಕಲಿಸಿದ್ದಲ್ಲ. ತಾವೇ ಮಾಡಿಕೊಂಡ ಪದ್ಧತಿ.

ಸತ್ತವನು ಕುಡಿದಿದ್ದ ಎಂದಿತು ಕಂಪನಿ. ಲಾಂಡ್ರಿಯಲ್ಲಿದ್ದ ಹಳೆಯ ಯೂನಿಯನ್ನಿನ ಅಧ್ಯಕ್ಷ ಹೌದೆಂದು ತಲೆಯಾಡಿಸಿದ. ಇವರು ಹೊಸ ಸಂಘದ ನೋಂದಣಿಗೆ ಅರ್ಜಿ ಹಾಕಿದ್ದು ಅದಕ್ಕೇ.

ಆ ಅರ್ಜಿಯನ್ನು ಸಾಯಿಸುವುದು ನನ್ನ ಕೆಲಸ. ಕೊಟ್ಟವನು ಅದೇ ಅಧ್ಯಕ್ಷ.

ಕಾನೂನು ಸರಳ, ಕೇಳಿ. ಅರ್ಜಿಗೆ ಸಹಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಿಂದೆ ಸರಿದರೆ ನೋಂದಣಿ ಇಲ್ಲ. ಸರಿಯಾಗಿ ಅರ್ಧ ಜನರನ್ನು ನಾನು ಆಗಲೇ ಹಿಂದಕ್ಕೆ ಎಳೆದಿದ್ದೆ. ಒಬ್ಬನಿಗೆ ಸೂಪರ್‌ವೈಸರ್ ಮಾಡಿಸುವ ಆಸೆ ಹುಟ್ಟಿಸಿದೆ. ಇನ್ನೊಬ್ಬನಿಗೆ ತಂಗಿಯ ಮದುವೆ ಮುರಿಯುವ ಭಯ. ಇನ್ನೊಂದೇ ಒಂದು ಸಹಿ ಹಿಂದಕ್ಕೆ ಹೋದರೆ ಸಾಕಿತ್ತು. 'ಆ ವಾಷಿಂಗ್ ಮುದುಕನ ಹಿಂದೆ ಬೀಳು, ಏನಾದ್ರೂ ಕೊಳಕು ಸಿಗುತ್ತೆ' ಎಂದಿದ್ದ ಅಧ್ಯಕ್ಷ. ನೋಂದಣಿ ಅಧಿಕಾರಿಯ ಮುಂದೆ ವಿಚಾರಣೆ ಅದೇ ದಿನ ಬೆಳಿಗ್ಗೆ. ಅದಕ್ಕೂ ಮುಂಚೆ ಮುದುಕನ ಮೇಲೆ ಕಣ್ಣಿಡಲು ಬಟ್ಟೆ ಮೂಟೆಗಳ ಹಿಂದೆ ಅವಿತಿದ್ದೆ. ನೇರವಾಗಿ ಬಂದು ಹಿಡಿದರು.

ನೇರವಾಗಿ... ಅದೇ ನನ್ನ ತಲೆ ಕೊರೆಯುತ್ತಿತ್ತು.

"ನಾನು ಮೂಟೆ ಹಿಂದೆ ಇದ್ದೀನಿ ಅಂತ ಯಾರು ಹೇಳಿದ್ದು?"

"ಬಾಯ್ಲರ್‌ನವನು," ಎಂದ ಮಾವ. "ಮಗು ವಿಷಯಾನೂ ಅವನೇ ಹೇಳಿದ್ದು. ಡ್ರಮ್ಮಿಗೆ ಹಾಕಿ, ಬಾಯಿ ಬಿಡ್ತಾನೆ ಅಂದಿದ್ದೂ ಅವನೇ."

"ಈಗ ಎಲ್ಲಿ ಅವನು?"

ಎಲ್ಲರೂ ಸುತ್ತ ನೋಡಿದರು. ಬಾಯ್ಲರ್‌ನವನು ಇರಲಿಲ್ಲ.

ಅಕ್ಕನ ಕೈಯಲ್ಲಿದ್ದ ನನ್ನ ಫೋನ್ ಬಡಿದುಕೊಂಡಿತು. ಅಧ್ಯಕ್ಷ. ಆಕೆ ಸ್ಪೀಕರ್ ಒತ್ತಿ ನನ್ನ ಬಾಯಿಗೆ ಹಿಡಿದಳು.

"ಹಲೋ," ಎಂದೆ.

ಆ ಕಡೆ ಅಧ್ಯಕ್ಷ ಬೆಚ್ಚಿದ, ನಾನು ಫೋನ್ ಎತ್ತಿದ್ದೇ ತಪ್ಪಾಯಿತು ಎನ್ನುವ ಹಾಗೆ.

"ನೀನಾ?"

"ಮತ್ತೆ ಯಾರು ಎತ್ತಬೇಕಿತ್ತು? ಪೊಲೀಸಾ?"

"ಅಲ್ಲ... ಹೇಗೆ ಹೊರಗೆ ಬಂದೆ?"

"ಎಲ್ಲಿಂದ?"

ಲೈನ್ ಕಟ್ಟಾಯಿತು.

ಎಲ್ಲ ತಿಳಿಯಾಯಿತು. ಕಳಿಸಿದವನೇ ಬಾಯ್ಲರ್‌ನವನ ಮೂಲಕ ನನ್ನನ್ನು ಹಿಡಿದುಕೊಟ್ಟಿದ್ದ. ಮುದುಕ ಸ್ವಿಚ್ ಹಾಕಬೇಕು. ನಾನು ಸಾಯಬೇಕು, ಇಲ್ಲವೇ ಮೂಳೆ ಪುಡಿಯಾಗಬೇಕು. ಮುದುಕ ಜೈಲಿಗೆ, ಅರ್ಜಿ ಕಸದ ಬುಟ್ಟಿಗೆ. ಆದರೆ ಅಧ್ಯಕ್ಷ ಮಷಿನ್ ಬಿಟ್ಟು ಕುರ್ಚಿ ಹಿಡಿದು ಬಹಳ ಕಾಲವಾಗಿತ್ತು. ಬಾಯ್ಲರ್ ಇರುವುದು ಅಂಗಳದಾಚೆಯ ಶೆಡ್ಡಿನಲ್ಲಿ. ತಟ್ಟುವ ಪದ್ಧತಿ ಇಬ್ಬರಿಗೂ ಗೊತ್ತಿರಲಿಲ್ಲ.

ಮಾವ ಮೂಟೆಯೊಂದರ ಮೇಲೆ ಕುಸಿದು ಕೂತಿದ್ದ.

"ಚಿಕ್ಕವನ ಧ್ವನಿ," ಎಂದ.

"ಯಾವ ಚಿಕ್ಕವನು?"

"ಅವನು ನಿನಗೆ ಹೇಳಿರ್ಲಿಲ್ವಾ?" ಅಕ್ಕ ಫೋನನ್ನು ನನ್ನ ಮಡಿಲಿಗೆ ಎಸೆದಳು. "ಅಧ್ಯಕ್ಷ ನನ್ನ ಮೈದುನ. ಇವರ ಎರಡನೇ ಮಗ. ಅಣ್ಣ ಕುಡಿದಿದ್ದ ಅಂತ ಕಂಪನಿಗೆ ಹೇಳಿಕೊಟ್ಟಿದ್ದೂ ಅವನೇ. ನನ್ನ ಗಂಡ ಕೆಮ್ಮಿನ ಔಷಧಿ ಕುಡಿದ್ರೇ ದಿನವೆಲ್ಲಾ ತೂಕಡಿಸ್ತಿದ್ದ."

ಫೋನ್ ಜೇಬಿಗಿಟ್ಟು ಎದ್ದೆ.

ಅಪ್ಪನ ಕೈಯಿಂದ ಕೊಲೆ ಮಾಡಿಸಲು ಹೊರಟವನು. ಅದೂ ಅಣ್ಣ ಸತ್ತ ಡ್ರಮ್ಮಿನಲ್ಲಿ.

"ವಿಚಾರಣೆಗೆ ಹೇಗೆ ಹೋಗ್ತೀರಿ?" ಎಂದೆ.

"ಬಸ್ಸಲ್ಲಿ."

"ಬಸ್ ಸ್ಟಾಪ್ ತನಕಾನೂ ಬಿಡಲ್ಲ ಅವರು. ಲಾಂಡ್ರಿ ವ್ಯಾನ್ ಕೀ ಕೊಡಿ."

"ನಿನ್ನ ಯಾಕೆ ನಂಬಬೇಕು?"

"ನಂಬಬೇಡಿ. ಹತ್ತಿ."

ಮಾವ ನನ್ನ ಪಕ್ಕ ಕೂತ. ಅಕ್ಕ ಹಿಂದೆ, ಇಳಿಸದೆ ಬಿಟ್ಟಿದ್ದ ಮೂಟೆಗಳ ನಡುವೆ. ಗೇಟು ದಾಟಿ ಮೊದಲ ತಿರುವಿನಲ್ಲೇ ಜೀಪೊಂದು ಬೆನ್ನಿಗೆ ಬಿತ್ತು. ಡ್ರೈವರಿನ ಪಕ್ಕ ಬಾಯ್ಲರ್‌ನವನು, ಕೈಯಲ್ಲಿ ಕಬ್ಬಿಣದ ಸಲಾಕೆ.

ಧಡ್.

ವ್ಯಾನಿನ ಹಿಂಬದಿ ನುಗ್ಗಾಯಿತು. ಗಲ್ಲಿಗೆ ತಿರುಗಿಸಿದೆ. ಗೋಡೆ ಒಂದು ಕನ್ನಡಿಯನ್ನು ಕಿತ್ತುಕೊಂಡಿತು. ಜೀಪೂ ಗಲ್ಲಿಗೆ ಬಂತು.

"ಅಕ್ಕಾ, ಹಿಂದೆ ಏನಿದೆ?"

"ಕೆಂಪು ಮೂಟೆ. ಆಪರೇಷನ್ ಥಿಯೇಟರಿಂದು."

"ಎಸೀರಿ."

"ರಸ್ತೇಲಾ? ಸೋಂಕಿರುತ್ತೆ ಕಣಯ್ಯ. ಜನ ಓಡಾಡೋ ಜಾಗ."

"ಅಕ್ಕಾ, ಜೀಪು..."

"ಗ್ಲೌಸ್ ಹಾಕ್ಕೊಳೋ ತನಕ ತಡಿ."

ಧಡ್. ಮಾವನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಅವನು ರಸ್ತೆಯನ್ನೇ ನೋಡುತ್ತಿದ್ದ.

ಆಮೇಲೆ ಹಿಂದಿನ ಬಾಗಿಲು ತೆರೆಯಿತು. ಉಳಿದ ಕನ್ನಡಿಯಲ್ಲಿ ನೋಡಿದೆ. ರಕ್ತ ಹೆಪ್ಪುಗಟ್ಟಿದ ದೊಡ್ಡ ಹಸಿರು ಬಟ್ಟೆಯೊಂದು ಬಿಚ್ಚಿಕೊಂಡು ಹಾರಿ ಜೀಪಿನ ಗಾಜಿಗೆ ಅಪ್ಪಳಿಸಿತು. ಡ್ರೈವರ್ ವೈಪರ್ ಹಾಕಿದ. ಅದಕ್ಕಿಂತ ದೊಡ್ಡ ತಪ್ಪಿಲ್ಲ. ಕಂದು ಲೋಳೆ ಗಾಜಿನ ತುಂಬಾ ಹರಡಿತು. ಬಾಯ್ಲರ್‌ನವನು ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡುತ್ತಿದ್ದಾಗಲೇ ಜೀಪು ಮೋರಿಗೆ ಇಳಿಯಿತು.

"ವಾಪಸ್ ಬರೋವಾಗ ಅದನ್ನೆಲ್ಲಾ ಆರಿಸ್ಕೋಬೇಕು," ಎಂದಳು ಅಕ್ಕ, ಗ್ಲೌಸ್ ಬಿಚ್ಚುತ್ತಾ.

ನೋಂದಣಿ ಅಧಿಕಾರಿಯ ಕೋಣೆ ಮೇಲಿನ ಮಹಡಿಯಲ್ಲಿ. ಆರಿದ ಚಹಾ, ಅದರಲ್ಲೊಂದು ನೊಣ. ಅಧಿಕಾರಿ ಕನ್ನಡಕ ಒರೆಸುತ್ತಿದ್ದ. ಅಧ್ಯಕ್ಷ ಆಗಲೇ ಬಂದಿದ್ದ. ಬಿಳಿ ಅಂಗಿ, ಬಿಳಿ ಶೂ.

"ಬಾಪ್ಪಾ, ಕೂತ್ಕೋ," ಎಂದ. "ಹಣೆಗೆ ಏನಾಯ್ತು? ತಿಂಡಿ ಆಯ್ತಾ?"

ಮಾವ ಕೂರಲಿಲ್ಲ.

"ಸರ್," ಅಧ್ಯಕ್ಷ ಅಧಿಕಾರಿಯ ಕಡೆ ತಿರುಗಿದ. "ಬೆಳಿಗ್ಗೆ ಇವರು ಒಬ್ಬ ಮನುಷ್ಯನನ್ನ ಮಷಿನ್‌ಗೆ ಹಾಕಿ ಕೊಲ್ಲೋಕೆ ನೋಡಿದ್ದಾರೆ. ನಮ್ಮಪ್ಪ ಅಂತ ಮುಚ್ಚಿಡೋಕಾಗಲ್ಲ. ಕರುಳು ಕಿತ್ತುಬರುತ್ತೆ ಸರ್, ಆದ್ರೂ ಹೇಳ್ತಿದ್ದೀನಿ."

ಕರ್ಚೀಫಿನಿಂದ ಕಣ್ಣೊರೆಸಿದ. ಕರ್ಚೀಫು ಒಣಗಿಯೇ ಇತ್ತು.

"ಹಾಗಾದ್ರೆ ಇವರನ್ನ ಪೊಲೀಸರಿಗೆ ಒಪ್ಪಿಸಬೇಕಾಗುತ್ತೆ," ಎಂದ ಅಧಿಕಾರಿ. "ಆಗಲೇ ಅರ್ಧ ಜನ ಹಿಂದೆ ಸರಿದಿದ್ದಾರೆ, ಇವರ ಹೇಳಿಕೆಯೂ ಇಲ್ಲ ಅಂದ್ರೆ ಅರ್ಜಿ ವಜಾ." ಒಂದು ಕೆಲಸ ಕಡಿಮೆಯಾದ ನೆಮ್ಮದಿ ಅವನ ಮುಖದಲ್ಲಿತ್ತು. "ಎಲ್ಲಿ ಆ ಮನುಷ್ಯ?"

"ಬಾಗಿಲ ಹತ್ರ. ಅಂಗಿ ನೋಡಿ ಸರ್, ಇನ್ನೂ ಒದ್ದೆ ಇದೆ."

ಎಲ್ಲರೂ ನನ್ನತ್ತ ತಿರುಗಿದರು. ಮಾವ ಗಂಟಲು ಸರಿಮಾಡಿಕೊಂಡ.

"ಹೌದು ಸ್ವಾಮಿ," ಎಂದು ಶುರು ಮಾಡಿದ. "ನಾನು ಇವರನ್ನ..."

ಪ್ರಾಮಾಣಿಕರ ಜೊತೆ ಏಗುವುದು ಎಷ್ಟು ಕಷ್ಟ, ನೋಡಿ.

"ನಾನೇ ಒಳಗೆ ಹೋಗಿದ್ದು," ಎಂದೆ.

"ಯಾಕೆ?" ಎಂದ ಅಧಿಕಾರಿ.

"ಎಷ್ಟು ಅಗಲ ಇದೆ ಅಂತ ನೋಡೋಕೆ. ಒಬ್ಬ ಮನುಷ್ಯ ಹಿಡಿಸ್ತಾನೆ ಸರ್. ಕುಡಿಯದೆ ಇದ್ರೂ ಹಿಡಿಸ್ತಾನೆ."

ಅಧ್ಯಕ್ಷನ ಕರ್ಚೀಫು ಅರ್ಧಕ್ಕೆ ನಿಂತಿತು. ಅಕ್ಕ ನೆಲ ನೋಡಿದಳು.

"ಬಲವಂತ ಮಾಡಿದ್ರಾ?"

"ಇಲ್ಲ."

"ದೂರು ಇದೆಯಾ?"

"ಇದೆ. ಒಳಗೆ ವಾಸನೆ ಜಾಸ್ತಿ."

ಅಧಿಕಾರಿ ನನ್ನನ್ನು ಬಹಳ ಹೊತ್ತು ನೋಡಿದ. ಸುಳ್ಳೆಂದು ಅವನಿಗೆ ಗೊತ್ತಿತ್ತು. ದಿನವಿಡೀ ಸುಳ್ಳು ಕೇಳಿ ಸಂಬಳ ತೆಗೆದುಕೊಳ್ಳುವವನು. ಆದರೆ ದೂರಿಲ್ಲದೆ ಅವನಿಗೆ ದಾರಿಯಿರಲಿಲ್ಲ. ಮಾವನ ಕಡೆ ತಿರುಗಿದ.

"ನಿಮಗೆ ಈ ಸಂಘ ಬೇಕಾ?"

"ಬೇಕು."

ಅಷ್ಟೇ. ಅಧಿಕಾರಿ ಪೆನ್ ತೆಗೆದ. ಸಂಘ ನೋಂದಣಿಯಾಯಿತು.

ಕಾರಿಡಾರಿನಲ್ಲಿ ಅಧ್ಯಕ್ಷ ಓಡೋಡಿ ಬಂದ. ಮುಖದ ತುಂಬಾ ನಗು. ನಾಚಿಕೆ ಆ ಮುಖದ ವಿಳಾಸ ಕಳೆದುಕೊಂಡು ವರ್ಷಗಳಾಗಿರಬೇಕು.

"ಅಪ್ಪಾ, ಆಗಿದ್ದು ಆಗೋಯ್ತು. ಹೊಸ ಸಂಘಕ್ಕೆ ಅನುಭವ ಇರೋ ಅಧ್ಯಕ್ಷ ಬೇಕಾಗ್ತಾನಲ್ಲ... ನಾನಿದ್ದೀನಿ."

ಮಾವ ಮಗನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ನಿಮ್ಮಣ್ಣನ್ನ ಕೇಳಿ ಹೇಳ್ತೀನಿ," ಎಂದು ಮೆಟ್ಟಿಲಿಳಿದ.

ಮರುದಿನ ಹೊಸ ಸಂಘದ ಮೊದಲ ಸಭೆ ನಡೆಯಿತು. ಮೊದಲ ನಿರ್ಣಯ: ನನ್ನನ್ನು ಇನ್ನೆಂದೂ ಗೇಟಿನೊಳಗೆ ಬಿಡಬಾರದು. ಮಂಡಿಸಿದವಳು ಅಕ್ಕ. ಅನುಮೋದಿಸಿದವನು ಮಾವ.

ಒಂದೇ ಒಂದು ವಿರೋಧವೂ ಬರಲಿಲ್ಲವಂತೆ. ಬಂದಿದ್ದರೆ ಆ ಸಂಘದ ಮೇಲೆ ನನಗಿದ್ದ ನಂಬಿಕೆ ಅಂದೇ ಹೋಗುತ್ತಿತ್ತು.